ಅವ್ವನ ಒಡಕು ದನಿ ಮತ್ತು ಸಭೆಯ ಹಿರಿಯ

ನಮ್ಮ ಸಭೆಯ ಹಿರಿಯನ ಬಗ್ಗೆ ಒಂದು ಒಳ್ಳೆಯ ಮಾತು ಬರೆಯಬೇಕೆಂದು ಕೂತರೆ ಅವನ ಇಸ್ತ್ರಿ ಹಾಕಿದ ಅಂಗಿಯಷ್ಟೇ ನೆನಪಾಗುತ್ತದೆ. ಇಸ್ತ್ರಿ ಹಾಕುವವಳೂ ಅವನ ಹೆಂಡತಿಯೇ.

ದೇವಿಕೊಪ್ಪದ ಹತ್ತಿರದ ನಮ್ಮೂರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ತಗಡು ಹೊದಿಸಿದ ಒಂದು ಪ್ರಾರ್ಥನಾ ಮಂದಿರವಿದೆ. ಪಾಸ್ಟರ್ ಬೇರೆ ಊರುಗಳ ಆರಾಧನೆ ಮುಗಿಸಿ ಬೈಕಿನಲ್ಲಿ ಬರುವಷ್ಟರಲ್ಲಿ ಹೊತ್ತು ಏರಿರುತ್ತದೆ. ಅಲ್ಲಿಯವರೆಗೆ ಸಭೆ ಈ ಹಿರಿಯನ ಕೈಯಲ್ಲಿ. ಯಾವುದೋ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಅಲ್ಲಿ ಸಾಹೇಬರಿಂದ ಜೀವನಪೂರ್ತಿ ತಿಂದ ಬೈಗುಳವನ್ನು ನಮ್ಮ ಮೇಲೆ ಕಾರಿಕೊಳ್ಳಲೆಂದೇ ದೇವರು ತನಗೆ ಮುಪ್ಪು ಕೊಟ್ಟಿದ್ದಾನೆಂದು ಅವನು ತಿಳಿದಂತಿತ್ತು. ಬೈದ ಮೇಲೆ ಕಣ್ಣು ಮುಚ್ಚಿ ಉದ್ದುದ್ದ ಪ್ರಾರ್ಥನೆ ಮಾಡುತ್ತಿದ್ದ.

ಅವ್ವ ಮೊದಲಿನಿಂದಲೂ ಸಭೆಯಲ್ಲಿ ಹಾಡು ಎತ್ತಿಕೊಡುವವಳು. ಕುತ್ತಿಗೆಯ ಆಪರೇಷನ್ ಆದ ಮೇಲೆ ಅವಳ ದನಿ ಒಡೆಯಿತು. ಕೆಲವು ತಿಂಗಳು ಸುಮ್ಮನಿದ್ದು, ಒಂದು ರವಿವಾರ ಧೈರ್ಯ ಮಾಡಿ ಎಲ್ಲರೊಂದಿಗೆ ಹಾಡತೊಡಗಿದಳು. ಎರಡನೆಯ ಚರಣಕ್ಕೆ ಹಿರಿಯ ಕೈಯೆತ್ತಿ ಹಾಡು ನಿಲ್ಲಿಸಿದ.

"ಆ ಒಡಕ ದನಿ ಯಾರ್ದು? ತಗಡ ಎಳದಂಗ ಕೇಳಾಕತ್ತೈತಿ. ಹಿಂದ ಹೋಗಿ ಕುಂಡ್ರಬೇ, ಬಾಯಿ ಮುಚ್ಚಿಕೊಂಡು."

ಒಬ್ಬಿಬ್ಬರು ಕಿಸಕ್ಕೆಂದರು. ಅವ್ವ ಎದ್ದು ಹಿಂದೆ ಹೋಗಿ ಕೂತಳು, ನಾನೂ ಅವಳ ಜೊತೆ ಹೋದೆ. ನನಗೆ ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಅವ್ವ ನನ್ನ ಸೆರಗು ಜಗ್ಗಿ ಕೂರಿಸಿದಳು.

ಮರುದಿನ ಅವನೇ ಮನೆಗೆ ಬಂದ. ತಪ್ಪಾಯಿತು ಎನ್ನಲು ಬಂದನೇನೋ ಎಂದುಕೊಂಡೆ. ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತು ಹೇಳಿದ:

"ತಂಗೀ, ನಿನ್ನಿ ಮಾತು ಮನಸ್ಸಿಗೆ ಹಚ್ಚಿಕೊಂಡಿಲ್ಲ ಹೌದಿಲ್ಲೋ? ನಾವು ಯೇಸುವಿನ ಮಕ್ಕಳು. ಕ್ಷಮಾ ಮಾಡೂದ ನಮ್ಮ ಧರ್ಮ."

ಒದ್ದವನೇ ಒದೆ ತಿಂದವರಿಗೆ ತಾಳ್ಮೆ ಬೋಧಿಸುವುದನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಅವ್ವ ಚಹಾದ ಕಪ್ಪು ಅವನ ಮುಂದಿಟ್ಟು, ಎದುರಿಗೇ ಕೂತಳು.

"ಕ್ಷಮಾ ನಿನ್ನಿ ದಿನಾನ ಮಾಡೇನ್ರಿ ಅಣ್ಣಾರ. ಆದ್ರ ನೀವು ಆಡಿದ್ದು ತಪ್ಪು. ತಪ್ಪ ಇಲ್ಲಂದ್ರ ನಾ ಕ್ಷಮಾ ಮಾಡಿದ್ದರ ಏನನ್ನ? ಬರೂ ರವಿವಾರ ನಾ ಹಾಡಾಕಿ."

"ನಾ ನಿನ್ನ ಛಲೋದಕ್ಕ ಹೇಳಿದ್ನವಾ" ಎಂದು ಗೊಣಗಿ, ಇನ್ನೊಂದು ಚಮಚ ಸಕ್ಕರೆ ಕೇಳಿ ಹಾಕಿಸಿಕೊಂಡ. ಅವನು ಹೋದ ಮೇಲೆ ಅವ್ವನ ಮೇಲೆ ಹರಿಹಾಯ್ದೆ.

"ಅಂಥವಗ ಚಾ ಯಾಕ ಕೊಟ್ಟಿ?"

"ಮನಿಗೆ ಬಂದಾನ. ಮತ್ತ, ಹೇಳೂದು ಹೇಳೇನಲ್ಲ."

ಮುಂದಿನ ರವಿವಾರ ಅವಳು ಮುಂದಿನ ಸಾಲಿನಲ್ಲಿಯೇ ಕೂತು ಹಾಡಿದಳು. ಹಿರಿಯ ಅವಳ ದನಿ ಮುಚ್ಚಲೆಂದು ಡೋಲಕ್ಕನ್ನು ಹರಿದುಹೋಗುವಂತೆ ಬಾರಿಸಿದ. ಅವ್ವ ನಿಲ್ಲಿಸಲಿಲ್ಲ. ಒಂದಷ್ಟು ವಾರಗಳಲ್ಲಿ ಅವನ ಕೈಯೇ ಸೋತಿತು.

ಆ ವರ್ಷದ ಸುಗ್ಗಿ ಆರಾಧನೆಗೆ ಧಾರವಾಡದಿಂದ ಅತಿಥಿಗಳು ಬಂದಿದ್ದರು. ಗೋವಿನಜೋಳದ ತೆನೆ, ಕುಂಬಳಕಾಯಿ, ಭತ್ತದ ಚೀಲಗಳನ್ನೆಲ್ಲ ಮುಂದೆ ಒಟ್ಟಿದ್ದೆವು. ಅತಿಥಿಗಳೆದುರು ಮೆರೆಯಲು ಹಿರಿಯ, ಪುಸ್ತಕ ಬೇಡವೆಂದು ಕೈಯಾಡಿಸಿ, ಬೈಬಲ್ಲಿನ ಉದ್ದನೆಯದೊಂದು ಕೀರ್ತನೆಯನ್ನು ಬಾಯಿಪಾಠ ಹೇಳಲು ನಿಂತ. ಅರ್ಧಕ್ಕೆ ಬಂದು ತಡವರಿಸಿದ. ಹಿಂದಿನ ಸಾಲನ್ನೇ ಮತ್ತೆ ಹೇಳಿದ. ಮತ್ತೆ ನಿಂತ. ಹಣೆಯ ಮೇಲೆ ಬೆವರು. ಹುಡುಗಿಯರು ಸೆರಗಿನಲ್ಲಿ ನಗತೊಡಗಿದರು. ಆ ಗಳಿಗೆಯನ್ನು ನಾನು ಬೆಲ್ಲದಂತೆ ಚಪ್ಪರಿಸಿದೆ. ಸುಳ್ಳು ಯಾಕೆ ಹೇಳಲಿ?

ಆಗ ನನ್ನ ಪಕ್ಕದಲ್ಲಿದ್ದ ಅವ್ವ ಮುಂದಿನ ಸಾಲನ್ನು ಮೆಲ್ಲಗೆ ಹೇಳಿಕೊಟ್ಟಳು. ಅಷ್ಟು ನಿಶ್ಶಬ್ದದಲ್ಲಿ ಅವಳ ಒಡಕು ದನಿ ಎಲ್ಲರಿಗೂ ಕೇಳಿಸಿತು. ಅವನು ಅದನ್ನು ಹಿಡಿದುಕೊಂಡು ಕೊನೆಯವರೆಗೂ ಹೇಳಿ ಮುಗಿಸಿದ. ಅವ್ವನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹೊರಗೆ ಊಟಕ್ಕೆ ಕೂತಾಗ ಅತಿಥಿಗಳಿಗೆ ಹೇಳುತ್ತಿದ್ದ:

"ನಡುವ ಪವಿತ್ರಾತ್ಮ ಮುಟ್ಟಿತು ನೋಡ್ರಿ, ಮಾತ ನಿಂತಬಿಟ್ವು."

ನಾನು ಹುಳಿ ಬಡಿಸುತ್ತಿದ್ದೆ. ಸೌಟು ಅವನ ಇಸ್ತ್ರಿಯ ಅಂಗಿಯ ಮೇಲೆ ಜಾರಿಸುವ ಮನಸ್ಸಾಯಿತು. ಹುಳಿ ದಂಡವಾಗುವುದು ಬೇಡವೆಂದು ಬಿಟ್ಟೆ.

ಮನೆಗೆ ನಡೆಯುವಾಗ ಅವ್ವನನ್ನು ಕೇಳಿದೆ:

"ಒಂದ ಉಪಕಾರದ ಮಾತರ ಆಡಿದನ?"

"ಉಪಕಾರ ಮಾಡಾಕ ಹೇಳಿಕೊಟ್ಟಿಲ್ಲ. ನಾಕು ಮಂದ್ಯಾಗ ನಿಂತು ನಾಚಕಿ ಆದ್ರ ಹೆಂಗಿರತೈತಿ ಅನ್ನೂದು ನನಗ ಗೊತ್ತೈತಿ."

ಸ್ವಲ್ಪ ದೂರ ಹೋದ ಮೇಲೆ ಅವಳೇ ಕೇಳಿದಳು:

"ನಿನಗ ಇನ್ನೂ ಅವನ ಮ್ಯಾಲ ಸಿಟ್ಟೈತೇನು?"

"ಸಿಟ್ಟಿಲ್ಲಬೇ. ಹೇಸಿಗಿ."

"ಸಿಟ್ಟರ ಇಳಿತೈತಿ, ಹೇಸಿಗಿ ಕುಂತ ಬಿಡತೈತಿ" ಎಂದಳು ಅವ್ವ. "ಅದನ್ನ ಭಾಳ ದಿನಾ ಇಟ್ಕೋಬ್ಯಾಡ."

ಅವಳ ಮಾತು ಸರಿಯೆಂದು ಗೊತ್ತು. ಹಿರಿಯ ಈಗಲೂ ಮನೆಗೆ ಬರುತ್ತಾನೆ, ಈಗಲೂ ಸಭೆಯಲ್ಲಿ ಯಾರನ್ನೋ ಗದರುತ್ತಾನೆ. ನಾನು "ಬರ್ರಿ, ಕುಂಡ್ರಿ" ಎನ್ನುತ್ತೇನೆ, ಗದರಿದ್ದು ತಪ್ಪೆಂದು ಮುಖಕ್ಕೇ ಹೇಳುತ್ತೇನೆ. ಅಷ್ಟನ್ನು ಅವ್ವನಿಂದ ಕಲಿತಿದ್ದೇನೆ. ಅವನನ್ನು ಗೌರವಿಸುವುದು ಮಾತ್ರ ನನ್ನಿಂದ ಇನ್ನೂ ಆಗಿಲ್ಲ.