ಹಸಿರು ಹೋಗಿ ಹಳದಿ ಬಂದ ಬಾಟಲಿ

ತನ್ನ ಕಪಾಟಿನೊಳಗೆ ತನ್ನನ್ನು ಕೇಳದೆ ಗಾಳಿಯೂ ನುಸುಳುವುದಿಲ್ಲ ಎಂದು ಶಮ್ಶುನ್ನೀಸಾ ಹೇಳಿಕೊಳ್ಳುತ್ತಿದ್ದಳು. ಮುದ್ದೇಬಿಹಾಳದ ಕಾಲೇಜೊಂದರ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಅವಳು ಇಪ್ಪತ್ತಾರು ವರ್ಷದಿಂದ ಅಟೆಂಡರ್. ಆಸಿಡ್ಡಿನ ದೆಸೆಯಿಂದ ಅವಳ ಸೀರೆಗಳಲ್ಲಿ ಜರಡಿಗಿಂತ ಹೆಚ್ಚು ತೂತುಗಳಿದ್ದವು; ಅವಳು ಕೆಮ್ಮಿದರೆ ನೆಲದ ಫರಸಿ ಬೆಳ್ಳಗಾಗುತ್ತದೆಂದು ವಿದ್ಯಾರ್ಥಿಗಳು ಆಣೆ ಮಾಡಿ ಹೇಳುತ್ತಿದ್ದರು. ಅಂಥವಳು ಅಂಜುತ್ತಿದ್ದುದು ಒಂದಕ್ಕೇ: ಬಾಟಲಿಯ ಗಾಜಿನ ಬಿರಡೆ ಕಚ್ಚಿಕೊಳ್ಳುವುದಕ್ಕೆ. ಒಮ್ಮೆ ಅಂಥದ್ದನ್ನು ತಿರುವಲು ಹೋಗಿ ಬಾಟಲಿಯ ಕುತ್ತಿಗೆ ಮುರಿದು ಅಂಗೈ ಸುಟ್ಟಿತ್ತು. ಅಂದಿನಿಂದ ಬಿರಡೆ ತೆಗೆದು ಹತ್ತಿ ತುರುಕುವುದು ಅವಳ ರೂಢಿ.

ಬೇಸಿಗೆ ರಜೆಗೆ ಮುಂಚೆ ಲೆಕ್ಚರರ್ ಸಿದ್ಧರಾಮ ಹಳೆಯ ಯುರೇನಿಯಂ ಲವಣವನ್ನು ಆಸಿಡ್ಡಿನಲ್ಲಿ ಕರಗಿಸಿ, ಸತುವಿನ ಚೂರು ಹಾಕಿ, ಗಿಣಿಹಸಿರು ದ್ರಾವಣ ಮಾಡಿ, ಸೋಸಿ, ಬಿರಡೆ ಬಿಗಿದಿಟ್ಟು ಊರಿಗೆ ಹೋದ. ಶಮ್ಶುನ್ನೀಸಾ ಬಿರಡೆ ತೆಗೆದು, ಹತ್ತಿ ತುರುಕಿ, ಕಪಾಟಿಗೆ ಬೀಗ ಹಾಕಿದಳು.

ರಜೆಯಲ್ಲೂ ದಿನಾ ಬೆಳಿಗ್ಗೆ ಬಂದು ಕಪಾಟಿನ ಗಾಜಿನಲ್ಲಿ ಇಣುಕುವುದು ಅವಳ ಕೆಲಸ. ಐದನೆಯ ದಿನ ಹಸಿರು ಒಂದೆಳೆ ತೆಳುವಾಗಿತ್ತು. ಬೀಗ ಹಾಕಿದಂತೆಯೇ ಇತ್ತು. ಹತ್ತನೆಯ ದಿನ ಇನ್ನೊಂದೆಳೆ. ಖಾಲಿ ಕಾಲೇಜು, ಹೊರಗೆ ರಣರಣ ಬಿಸಿಲು. ಒಳಗೆ ಯಾರೋ ಅದನ್ನು ಗುಟುಕು ಗುಟುಕಾಗಿ ಕುಡಿದು ಬೇರೇನನ್ನೋ ಉಗುಳಿಟ್ಟಂತೆ. ಮಟ್ಟ ಮಾತ್ರ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಬೆನ್ನು ತಿರುಗಿಸಿದರೆ ಬಾಟಲಿ ತನ್ನನ್ನೇ ನೋಡುತ್ತದೆ ಅನ್ನಿಸಿ ಅವಳು ಹಿಂದು ಹಿಂದಕ್ಕೆ ನಡೆದು ಬಾಗಿಲು ದಾಟುತ್ತಿದ್ದಳು. ಮೂವತ್ತನೆಯ ದಿನ ಅದು ಇಂಡಿ ತಾಲೂಕಿನ ಲಿಂಬೆಹಣ್ಣಿನ ಹಳದಿ.

ಸಿದ್ಧರಾಮ ಬಂದವನೇ, ಯುರೇನಿಯಂ ಯಾರಿಗೋ ಕೊಟ್ಟು ಬಣ್ಣದ ನೀರು ತುಂಬಿದ್ದಾಳೆ ಎಂದು ಕಾಗದ ಬರೆದ. ಸಂಜೆಯೊಳಗೆ ಅದು ಪ್ರಿನ್ಸಿಪಾಲರ ಕೈ ಸೇರಿದರೆ ಅವಳ ನೌಕರಿ ಹೋದಂತೆಯೇ.

“ಕೀಲಿ ನನ್ನ ಹಂತ್ಯಾಕನ ಇತ್ರಿ ಸರ್. ನಾ ಮುಟ್ಟಿಲ್ಲ. ಅದು ತಾನ ಬದಲಾತು.”

“ತಾನ ಬದಲಾಗಾಕ ಅದೇನು ಓತಿಕ್ಯಾತ ಏನ್ರಿ, ಶಮ್ಶುನ್ನೀಸಾ ಬಾಯಿ?”

ಕಳ್ಳತನ ಖಾತ್ರಿ ಮಾಡಲೆಂದು ಅವನೇ ಕಿಟಕಿಗಳನ್ನು ಮುಚ್ಚಿ, ಆಫೀಸಿನಿಂದ ಖೋಟಾ ನೋಟು ಹಿಡಿಯುವ ನೇರಳೆ ದೀಪ ತಂದು ಹಿಡಿದ. ಕತ್ತಲಲ್ಲಿ ಬಾಟಲಿ ಬೆಕ್ಕಿನ ಕಣ್ಣಾಗಿ ಹೊಳೆಯಿತು; ಇಬ್ಬರ ಮುಖಗಳೂ ಹಸಿರು ಹೆಣಗಳಂತೆ ಕಂಡವು. ಹಳದಿ ಯುರೇನಿಯಂ ಹಾಗೆ ಹೊಳೆಯುತ್ತದೆಂದು ಅವನೇ ಪಾಠ ಮಾಡಿದ್ದ. ಮತ್ತೊಂದು ಸತುವಿನ ಚೂರು ಹಾಕಿ ನೋಡಿದ. ಗುಳ್ಳೆಗಳೆದ್ದವು. ತುಸು ಹೊತ್ತಿಗೆ ಹಳದಿಯೊಳಗಿಂದ ಸತ್ತಿದ್ದ ಹಸಿರು ಎದ್ದು ಬಂತು.

ಆಗ ಅವನ ಕಣ್ಣು ಹತ್ತಿಯ ಮೇಲೆ ಬಿತ್ತು. ಬಾಟಲಿಯ ಬಾಯಿಂದ ಗಾಳಿ ಇಳಿದು, ಅದರ ಆಮ್ಲಜನಕ ತಿಂಗಳಿಡೀ ದ್ರಾವಣವನ್ನು ಉತ್ಕರ್ಷಿಸಿತ್ತು. ಯುರೇನಿಯಂ ಅಲ್ಲೇ ಇತ್ತು, ಬಣ್ಣ ಮಾತ್ರ ಬೇರೆಯಾಗಿತ್ತು. ಗಾಳಿಗೆ ದಾರಿ ಬಿಟ್ಟವಳು ತಾನೇ ಎಂದು ತಿಳಿದು ಶಮ್ಶುನ್ನೀಸಾ ತಲೆ ತಗ್ಗಿಸಿದಳು.

ಸಿದ್ಧರಾಮ ಕಾಗದ ಹರಿದ. ತಾನು ಪೆಚ್ಚಾದದ್ದನ್ನು ಮುಚ್ಚಿಕೊಳ್ಳಲು ದನಿ ಏರಿಸಿ, ಬಣ್ಣ ತಿರುಗಿದ ದಿನವೇ ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಿದ.

ಅವಳು ತಲೆ ಎತ್ತಿದಳು. “ಫೋನ್ ಹೋಗ್ಲಿ ಬಿಡ್ರಿ ಸರ್. ಇಪ್ಪತ್ತಾರು ವರ್ಷದಾಕಿ ಎದುರಿಗೆ ನಿಂತು ಹೇಳಿದ್ದು ನಂಬಲಿಲ್ಲ, ಎರಡು ನಿಮಿಷದ ದೀಪ ನಂಬಿದ್ರಿ. ನಾಳಿಂದ ಲ್ಯಾಬಿನ ಕಸಾನೂ ಅದರ ಕಡಿಂದನ ಹೊಡಸ್ರಿ.”