ಮೇಲಿನ ಮಾಳಿಗೆಯ ಚಹಾ ಮತ್ತು ನನ್ನ ಹೆಸರು

ಬಾದಾಮಿಯ ಆ ದೊಡ್ಡ ಹೋಟೆಲಿನಲ್ಲಿ ಕ್ಲಬ್ ರೂಮು ಹಿಡಿಯಬೇಕೋ, ಸಾದಾ ರೂಮು ಸಾಕೋ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಹುನಗುಂದದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಔಷಧದ ಅಂಗಡಿ ಇದೆ. ಕೆಮ್ಮಿನ ಔಷಧಕ್ಕೆ ಬಂದವರು ಬಾಟಲಿ ಚೀಲಕ್ಕೆ ಹಾಕಿಕೊಳ್ಳುತ್ತ, ನೀವು ಹೋಗಿ ಬಂದೀರಂತಲ್ರಿ, ಮೇಲಿನ ಲಾಂಜಿಗೆ ಹೆಚ್ಚಿನ ರೊಕ್ಕ ಕೊಟ್ಟರೆ ವಸೂಲಾಗುತ್ತದೋ ಇಲ್ಲವೋ ಎನ್ನುತ್ತಾರೆ. ನನ್ನ ಹೆಂಡತಿಯ ತಂಗಿ ಫೋಟೋ ತೆಗೆದು ಊರಿಗೆಲ್ಲ ಕಳಿಸಿದ್ದರ ಫಲ ಇದು. ಲಾಂಜು ಅಂದರೆ ಮತ್ತೇನಲ್ಲ. ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಒಂದು ದೊಡ್ಡ ತಂಪು ಕೋಣೆ. ಕ್ಲಬ್ ರೂಮು ಹಿಡಿದವರಿಗೆ ಮಾತ್ರ ಪ್ರವೇಶ. ದಿನವಿಡೀ ಚಹಾ, ಕಾಫಿ, ಸಂಜೆಗೆ ತಿನಿಸು, ಕೂತರೆ ಏಳಲು ಮನಸ್ಸಾಗದ ಕುರ್ಚಿಗಳು. ಮೊದಮೊದಲು ನಾನು, ಚಹಾ ಕುಡಿಯಲು ಅಷ್ಟೆತ್ತರ ಯಾಕೆ ಹತ್ತಬೇಕು, ಕೆಳಗೆ ಗಾಡಿಯವನ ಹತ್ತಿರ ಸಿಗುವುದಿಲ್ಲವೇ ಎಂದು ಹರಿಹಾಯುತ್ತಿದ್ದೆ. ಕೈಗೆಟುಕದ ದ್ರಾಕ್ಷಿ ಹುಳಿ ಎಂದು ಅವರು ನಕ್ಕು ಹೋಗುತ್ತಿದ್ದರು. ಅವರಿಗೇನು ಗೊತ್ತು, ನನ್ನ ಹೊಟ್ಟೆ ಉರಿದದ್ದು ಚಹಾಕ್ಕಲ್ಲ.

ನನ್ನ ಹೆಂಡತಿ ನನ್ನ ಹೆಸರು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಲಗ್ನವಾಗಿ ಮೂವತ್ತು ವರ್ಷ ಆಗುತ್ತ ಬಂತು. ನಮ್ಮ ಕಡೆ ಅವಳ ವಯಸ್ಸಿನ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ಲಗ್ನದಲ್ಲಿ, ಬಸುರಿಯ ಕುಬಸದಲ್ಲಿ ನಾಲ್ಕು ಜನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳದ ಹೊರತು ಬಿಡುವುದಿಲ್ಲ ಅಂದಾಗ ಮಾತ್ರ ಒಡಪು ಹಾಕಿ, ಎರಡು ನಾಲ್ಕು ಪ್ರಾಸದ ಸಾಲಿನೊಳಗೆ ಹೆಸರನ್ನು ಕಟ್ಟಿ ಹೇಳುತ್ತಾರೆ. ನಮ್ಮ ಲಗ್ನದಲ್ಲೂ ಅವಳು ಹೇಳಿದಳು. ಆದರೆ ಸರಿಯಾಗಿ ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ ಬ್ಯಾಂಡಿನವರು ಶುರು ಮಾಡಿದರು. ಅವಳ ತುಟಿ ಆಡಿದ್ದು ಕಂಡಿತು, ಬಾಗಿಲಲ್ಲಿದ್ದ ಹೆಂಗಸರೆಲ್ಲ ನಕ್ಕು ಚಪ್ಪಾಳೆ ತಟ್ಟಿದ್ದು ಕಂಡಿತು. ನನ್ನ ಕಿವಿಗೆ ಬಿದ್ದದ್ದು ಡೋಲಿನ ಸದ್ದು. ಏನು ಹೇಳಿದೆ ಎಂದು ರಾತ್ರಿ ಕೇಳಿದರೆ ಮುಖ ಮುಚ್ಚಿಕೊಂಡಳು.

ಅಲ್ಲಿಂದ ಮುಂದೆ ಹೆಸರು ಅವಳ ಬಾಯಿಗೆ ಬರಲೇ ಇಲ್ಲ. ದವಾಖಾನೆಯಲ್ಲಿ ಗಂಡನ ಹೆಸರು ಕೇಳಿದರೆ ನನ್ನ ಕಡೆ ಬೆರಳು ತೋರಿಸುತ್ತಾಳೆ. ಮಕ್ಕಳ ಶಾಲೆಯಲ್ಲಿ ಕೇಳಿದರೆ ಆಧಾರ್ ಕಾರ್ಡು ಮುಂದಿಟ್ಟು ಸುಮ್ಮನೆ ನಿಲ್ಲುತ್ತಿದ್ದಳು. ಅವಳ ಫೋನಿನಲ್ಲಿ ನಾನು ‘ಮನಿಯವರು’. ಅಂಗಡಿಯ ಬೋರ್ಡಿನ ಮೇಲೆ ನನ್ನ ಹೆಸರು ಅಂಗೈ ಅಗಲದ ಅಕ್ಷರಗಳಲ್ಲಿದೆ. ಅದರ ಕೆಳಗೇ ನಿಂತು ‘ಕೇಳಿದ್ರೇನ್ರಿ’ ಅಂತ ಕರೆಯುತ್ತಾಳೆ. ಊರ ಮಂದಿಯೆಲ್ಲ ಕರೆಯುವ ಹೆಸರು ಅದು. ಅವಳ ಬಾಯಿಂದ ಒಂದು ಸಲ, ಒಂದೇ ಒಂದು ಸಲ, ಕೇಳಬೇಕೆಂಬ ಆಸೆ ನನಗೆ ಹುಚ್ಚಿನಂತೆ ಹತ್ತಿತ್ತು.

ಆ ಗಾಯಕ್ಕೆ ಉಪ್ಪು ಸವರುವುದಕ್ಕೆಂದೇ ಅವಳ ತಂಗಿ ಇದ್ದಾಳೆ. ಹತ್ತು ವರ್ಷಕ್ಕೆ ಚಿಕ್ಕವಳು, ಇಳಕಲ್ಲಿನಲ್ಲಿರುತ್ತಾಳೆ. ಗಂಡನಿಗೆ, ಅಂದರೆ ನನ್ನ ಷಡ್ಡಕನಿಗೆ, ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆ ಇದೆ. ಅವಳು ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ನೀರು ಕೊಡು ಅನ್ನುವಾಗ ಹೆಸರು, ಕಾರು ನಿಲ್ಲಿಸು ಅನ್ನುವಾಗ ಹೆಸರು, ಜಗಳ ಬಂದರಂತೂ ಉಸಿರಿಗೊಂದು ಸಲ ಹೆಸರು. ಆ ಮನುಷ್ಯ ಫೋನಿನಿಂದ ತಲೆ ಎತ್ತುವುದಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ಅವನ ಕಾರು ಕಂಡರೆ ನನಗೆ ಹೊಟ್ಟೆಕಿಚ್ಚಿಲ್ಲ. ಅವನ ತಲೆಗೂದಲು ಕಂಡರೆ ಸ್ವಲ್ಪ ಇದೆ. ಆದರೆ ಅವನ ಹೆಂಡತಿ ಅವನನ್ನು ಕರೆದಾಗ ಆಗುವ ಉರಿ ಬೇರೆ.

ಹೋದ ಚಳಿಗಾಲ ನಾನೊಂದು ಹೂಟ ಹೂಡಿದೆ. ಹೆಂಡತಿಗೆ ಆ ಹೋಟೆಲಿನಲ್ಲಿ ಒಂದು ದಿನ ಇರಬೇಕೆಂದು ಬಹಳ ದಿನದ ಆಸೆ ಇತ್ತು. ಸುಮ್ಮನೆ ಫೋನ್ ಮಾಡಿ ಸಾದಾ ರೂಮು ಕಾದಿರಿಸಿದೆ. ಸಂಜೆ ಅವಳನ್ನು ಕೆರೆಯ ಆಚೆ ದಂಡೆಯ ಭೂತನಾಥ ಗುಡಿಯ ಮೆಟ್ಟಿಲಿಗೆ ಕರೆದುಕೊಂಡು ಹೋಗುವುದು, ಬಿಸಿಲು ಇಳಿದು ಜನ ಕಡಿಮೆಯಾದ ಮೇಲೆ, ಇಲ್ಲಿ ಯಾರೂ ಇಲ್ಲ, ಒಂದು ಸಲ ಹೇಳು ಎಂದು ಕೇಳುವುದು. ಮರುದಿನ ಬನಶಂಕರಿಗೆ ಹೋಗಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತಿರುವ ಹೆಂಗಸರ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಮೊಸರು ಉಂಡು ಮನೆಗೆ ಬರುವುದು. ಇಷ್ಟೇ ಇದ್ದದ್ದು. ಅವಳು ಖುಷಿಗೆ ತಂಗಿಗೆ ಫೋನು ಮಾಡಿದಳು. ನಾವೂ ಬರುತ್ತೇವೆ ಅಂದಳು ತಂಗಿ. ಮುಗಿಯಿತು ಕಥೆ.

ಅಮೀನಗಡದಲ್ಲಿ ಎರಡೂ ಕಾರು ನಿಲ್ಲಿಸಿ ಕರದಂಟು ಕಟ್ಟಿಸಿಕೊಂಡು ಬಾದಾಮಿ ಮುಟ್ಟಿದೆವು. ನಮ್ಮ ರೂಮು ಕೆಳಗೆ, ನೆಲಮಟ್ಟದಲ್ಲೇ, ಕಿಟಕಿ ತೆರೆದರೆ ಕಾರು ನಿಲ್ಲಿಸುವ ಜಾಗ. ಷಡ್ಡಕನದು ಮೇಲೆ, ಕ್ಲಬ್ ರೂಮು. ಅದನ್ನೂ ಅವನು ರೊಕ್ಕ ಕೊಟ್ಟು ತೆಗೆದುಕೊಂಡಿರಲಿಲ್ಲ, ಯಾವುದೋ ಕಾರ್ಡಿನ ಮೇಲೆ ಬಿಟ್ಟಿ ಸಿಕ್ಕಿತ್ತು. ಇರುವವರಿಗೇ ಬಿಟ್ಟಿ ಸಿಗುವುದು. ಲಾಂಜಿಗೆ ಆ ರೂಮಿನ ಇಬ್ಬರ ಜೊತೆ ಇನ್ನೊಬ್ಬರನ್ನು ಮಾತ್ರ ಬಿಡುತ್ತೇವೆ ಎಂದು ಹೋಟೆಲಿನವರು ಹೇಳಿದರು. ನಾವು ನಾಲ್ವರು.

“ಅಣ್ಣಾರ, ನೀವಿಬ್ರೂ ಹೋಗ್ರಿ. ನಾ ಇಲ್ಲೇ ಫೋನಿನ್ಯಾಗ ಮಾತಾಡ್ಕೋತ ಕುಂದರ್ತೇನಿ,” ಅಂದ ಷಡ್ಡಕ.

ಅವನು ಚೇಷ್ಟೆಗೆ ಅಂದಿದ್ದರೆ ನಾನು ಹೋಗಿಬಿಡುತ್ತಿದ್ದೆ. ಒಳ್ಳೆಯ ಮನಸ್ಸಿನಿಂದ ಅಂದ, ಅದನ್ನೇ ನನಗೆ ತಡೆದುಕೊಳ್ಳಲು ಆಗಲಿಲ್ಲ. ಅವನು ಬಿಟ್ಟುಕೊಟ್ಟ ಜಾಗದಲ್ಲಿ ಕೂತು ನಾನು ಚಹಾ ಕುಡಿಯಬೇಕೇ? ನನಗೆ ಆ ಚಹಾ ಸೇರುವುದಿಲ್ಲ ಅಂದೆ. ಹೆಂಡತಿ ಲಿಫ್ಟಿನ ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿ ನೋಡಿದಳು. ನಾನು ಹೊರಗೆ ಕಾಂಪೌಂಡ್ ಗೋಡೆಯ ಮೇಲಿನ ಮಂಗಗಳನ್ನು ನೋಡುವವನ ಹಾಗೆ ಮಾಡಿದೆ. ಮೂವರೂ ಮೇಲೆ ಹೋದರು.

ಅಂಗಳದಲ್ಲಿ ಬೇವಿನ ಮರದ ಕೆಳಗೆ ಒಂದು ಕಲ್ಲಿನ ಕಟ್ಟೆ ಇತ್ತು. ಅಲ್ಲಿ ಕೂತೆ. ಲಾಂಜಿನ ದೊಡ್ಡ ಗಾಜಿನ ಕಿಟಕಿ ಅಲ್ಲಿಗೆ ಚೆನ್ನಾಗಿ ಕಾಣುತ್ತಿತ್ತು. ಕಾಣದಿದ್ದರೆ ನಾನೇ ಕಾಣುವ ಜಾಗಕ್ಕೆ ಸರಿದು ಕೂರುತ್ತಿದ್ದೆ ಅನ್ನಿ. ನನ್ನ ಹೆಂಡತಿ ಮೆತ್ತನೆಯ ಕುರ್ಚಿಯಲ್ಲಿ ಕೂತು, ಕೈಯಲ್ಲಿ ಪಿಂಗಾಣಿ ಕಪ್ಪು ಹಿಡಿದು, ಷಡ್ಡಕ ಏನೋ ಅಂದದ್ದಕ್ಕೆ ನಗುತ್ತಿದ್ದಳು. ನಮ್ಮ ಮನೆಯಲ್ಲಿ ಅವಳು ಕೂತು ಚಹಾ ಕುಡಿದದ್ದನ್ನು ನಾನು ನೋಡಿದ್ದು ಕಡಿಮೆ. ಒಲೆಯ ಮುಂದೆ ನಿಂತೇ ಕುಡಿದು ಮುಗಿಸುತ್ತಾಳೆ. ಅಲ್ಲಿ ಹಾಗೆ ಕೂತದ್ದನ್ನು ಕಂಡು ಸಂತೋಷವಾಗಬೇಕಿತ್ತು. ಆಗಲಿಲ್ಲ.

ಇಳಿದು ಬಂದವಳು ವರದಿ ಒಪ್ಪಿಸಿದಳು. ಗುಂಡಿ ಒತ್ತಿದರೆ ಕಾಫಿ ಬರುತ್ತದೆ, ಕೆಂಪು ಬೆಟ್ಟ ಪೂರ್ತಿ ಕಾಣುತ್ತದೆ, ಸದ್ದಿಲ್ಲ, ಗದ್ದಲವಿಲ್ಲ. ಮಾತಾಡುತ್ತಾಡುತ್ತ ಸೆರಗಿನ ತುದಿಯ ಗಂಟು ಬಿಚ್ಚಿ ಎರಡು ಬಿಸ್ಕೀಟು ನನ್ನ ಮುಂದಿಟ್ಟಳು. ನನಗೆ ಬೇಡ ಅಂದೆ. ಅವಳು ಮುಖ ತೊಳೆಯಲು ಹೋದಾಗ ಎರಡನ್ನೂ ತಿಂದೆ. ಬಲು ರುಚಿಯಾಗಿದ್ದವು, ಅದಕ್ಕೂ ಸಿಟ್ಟು ಬಂತು.

ಬಿಸಿಲು ತಗ್ಗಿದ ಮೇಲೆ ಕೆರೆಗೆ ಹೋಗೋಣ ನಡಿ ಅಂದೆ. ಸಂಜೆಯ ತಿನಿಸು ಇಡುತ್ತಾರಂತೆ, ತಂಗಿ ಕರೆಯುತ್ತಿದ್ದಾಳೆ, ಒಂದು ಗಳಿಗೆ ಕೂತು ಆಮೇಲೆ ಕೆರೆಗೆ ಹೋಗೋಣ ಅಂದಳು. ಹೋಗು ಅಂದೆ. ಅವಳು ಹೋಗಲಿಲ್ಲ, ಬಾಗಿಲಲ್ಲೇ ನಿಂತಳು.

“ನೀವೂ ಬರ್ರಿ. ತಂಗಿ ಗಂಡ ಕೆಳಗ ಇರ್ತೇನಂತಾರ. ಇವತ್ತ ನೀವು ಬರಬೇಕ್ರಿ,” ಅಂದಳು.

ಬರಬೇಕು ಅಂದದ್ದು ನನಗೆ ಕೇಳಿಸಲಿಲ್ಲ. ತಂಗಿ ಗಂಡ ಅಂದದ್ದಷ್ಟೇ ಕೇಳಿಸಿತು. ಅವರ ಜೊತೆಗೇ ಇರು, ಚೆನ್ನಾಗಿ ನಗಿಸುತ್ತಾರಲ್ಲ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಭೂತನಾಥ ಗುಡಿಯ ಮೆಟ್ಟಿಲ ಮೇಲೆ ಒಬ್ಬನೇ ಕೂತೆ. ನಾನು ಅಂದುಕೊಂಡ ಹಾಗೆಯೇ ನೀರು ಅಲುಗದೆ ನಿಂತಿತ್ತು, ಜನ ಇರಲಿಲ್ಲ. ಎರಡು ಆಡು ಇದ್ದವು, ದೂರದಲ್ಲಿ ಒಬ್ಬ ಹೆಂಗಸು ಬಟ್ಟೆ ಹಿಂಡುತ್ತಿದ್ದಳು. ಏನನಿಸಿತೋ, ನನ್ನ ಹೆಸರನ್ನು ನಾನೇ ನೀರಿಗೆ ಹೇಳಿದೆ. ಬಂಡೆಗೆ ತಾಗಿ ತಿರುಗಿ ಬಂತು. ಬಟ್ಟೆ ಹಿಂಡುತ್ತಿದ್ದವಳು ತಲೆ ಎತ್ತಿ ನೋಡಿದಳು. ಎದ್ದು ಬಂದುಬಿಟ್ಟೆ.

ಹೋಟೆಲಿನ ಗೇಟು ದಾಟುವಾಗ ಮೇಲಿನ ಗಾಜಿನೊಳಗೆ ದೀಪ ಹತ್ತಿತ್ತು. ನನ್ನ ಹೆಂಡತಿ ಎದ್ದು ನಿಂತಿದ್ದಳು. ತಲೆಯ ಮೇಲೆ ಸೆರಗು, ಬಾಯಿಗೆ ಅಡ್ಡ ಕೈ. ಸುತ್ತಲಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಷಡ್ಡಕನಂತೂ ತೊಡೆ ತಟ್ಟಿಕೊಂಡು ನಗುತ್ತಿದ್ದ. ಇಬ್ಬರು ಬಿಳಿಯ ಪ್ರವಾಸಿಗಳು ಕೂಡ ನಗುತ್ತಿದ್ದರು. ನನ್ನನ್ನು ಬಿಟ್ಟು ಜಗತ್ತಿಗೆಲ್ಲ ಅಲ್ಲಿ ಏನೋ ಸಂಭ್ರಮ.

ಅವಳು ಕೆಳಗೆ ಬಂದಳು. ಅಷ್ಟೊಂದು ನಗು ಏನಿತ್ತು ಎಂದು ಕೇಳಿದರೆ, ಏನಿಲ್ಲ ಎಂದು ಮನೆಯಿಂದ ತಂದ ಬುತ್ತಿ ಬಿಚ್ಚಿದಳು. ಮೇಲೆ ತಿಂದು ಬಂದವಳಿಗೆ ಹಸಿವೆ ಎಲ್ಲಿಯದು ಎಂದು ಚುಚ್ಚಿದೆ. ಅವಳು ಗರಿಗರಿ ಕಟಕ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ನನಗೊಂದು ಕೊಟ್ಟು, ತಾನೊಂದು ತಿಂದಳು.

ಬೆಳಿಗ್ಗೆ ಷಡ್ಡಕ ಯಾವುದೋ ಕೆಲಸಕ್ಕೆ ಬೇಗನೆ ಬಾಗಲಕೋಟೆಗೆ ಹೋದ. ಮಾಮಾ, ಇವತ್ತು ಜಾಗ ಖಾಲಿ ಇದೆ, ಮೇಲೆ ಬನ್ನಿ ಎಂದು ತಂಗಿ ಫೋನು ಮಾಡಿ ಕರೆದಳು. ಅಕ್ಕ ತಂಗಿ ಇಬ್ಬರೂ ಆಗಲೇ ಅಲ್ಲಿದ್ದರು. ಅವನ ಉಳಿಕೆ ಜಾಗಕ್ಕೆ ಹೋಗುವುದೇ ಅನಿಸಿತು. ಆದರೆ ನೋಡಬೇಕೆಂಬ ಆಸೆಯೂ ಇತ್ತು. ಲಿಫ್ಟು ಹತ್ತಿದೆ. ಲಾಂಜಿನ ಬಾಗಿಲಲ್ಲಿ ಮೇಜಿನ ಹಿಂದೆ ಹೋಟೆಲಿನ ಒಬ್ಬ ಹೆಣ್ಣುಮಗಳು ಕೂತಿದ್ದಳು. ನಮ್ಮ ಸೀಮೆಯವಳೇ, ಮಾತಿನಲ್ಲಿ ಗೊತ್ತಾಯಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಎದ್ದು ನಿಂತು, ನನ್ನ ಹೆಸರು ಹಿಡಿದು ಬರ್ರಿ ಬರ್ರಿ ಅಂದಳು. ನಾನು ಬೆಚ್ಚಿದೆ. ನಿನಗೆ ಹೇಗೆ ಗೊತ್ತವ್ವಾ ಅಂದೆ.

ನಾನು ಬರುತ್ತೇನೆಂದು ತಂಗಿ ಮೊದಲೇ ಹೇಳಿಟ್ಟಿದ್ದಳಂತೆ. ಹೆಸರಿನ ಸಂಗತಿ ಅವಳು ಹೇಳಿದ್ದು ಇಷ್ಟು. ಮಧ್ಯಾಹ್ನ ನನ್ನ ಹೆಂಡತಿ ಬಂದಾಗ, ಈ ಹೋಟೆಲಿನಲ್ಲಿ ನಿಮ್ಮ ರೂಮು ಯಾರ ಹೆಸರಿನಲ್ಲಿದೆ ಎಂದು ಇವಳು ಕೇಳಿದ್ದಾಳೆ. ಹೆಂಡತಿ ಸುಮ್ಮನೆ ನಿಂತಿದ್ದಾಳೆ. ಹಿಂದೆ ಜನ ಕಾಯುತ್ತಿದ್ದರು. ತಂಗಿ ಚಟ್ಟನೆ ತನ್ನ ಗಂಡನ ಹೆಸರು ಹೇಳಿ, ಅದನ್ನೇ ಬರೆದುಕೊಳ್ಳಿ ಅಂದಿದ್ದಾಳೆ. ಅದರಂತೆ ಬರೆದುಕೊಂಡದ್ದಾಯಿತು. ಸಂಜೆ ಮತ್ತೆ ಬಂದಾಗ ಮತ್ತೆ ಅದೇ ಪ್ರಶ್ನೆ. ಈ ಸಲ ತಂಗಿ ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಕೈ ಅಡ್ಡ ಹಿಡಿದಿದ್ದಾಳೆ. ತಡೀರಿ, ಸ್ವಲ್ಪ ಹೊತ್ತಾದ ಮೇಲೆ ಹೇಳುತ್ತೇನೆ ಎಂದು ಕಿಟಕಿಯ ಹತ್ತಿರ ಹೋಗಿ ಕೂತಿದ್ದಾಳೆ. ತಿನಿಸು ಮುಟ್ಟಿಲ್ಲ. ತಿನಿಸೆಲ್ಲ ತೆಗೆಯುವ ಹೊತ್ತಾದಾಗ ಎದ್ದು, ತಲೆಯ ಮೇಲೆ ಸೆರಗು ಹಾಕಿಕೊಂಡು, ತುಂಬಿದ ಲಾಂಜಿನಲ್ಲಿ ಒಡಪು ಹಾಕಿದ್ದಾಳೆ.

“ನನಗ ಬಾಯಿಪಾಠ ಆಗೇತ್ರಿ,” ಎಂದು ಆ ಹೆಣ್ಣುಮಗಳು ಹೇಳಿಯೇ ತೋರಿಸಿದಳು.

ಮ್ಯಾಲ ಕುಂತ್ರ ಕಾಣತೈತಿ ಬಾದಾಮಿಯ ಕೆಂಪು ಕಲ್ಲು,
ಕೆಳಗ ಕುಂತವರು ಕಡೀತಾರ ಸಿಟ್ಟಿಲೆ ತಮ್ಮ ಹಲ್ಲು,
ಯಾವ ಮಾಳಿಗಿ ಏರಿದರೂ ನನ್ನ ಮನಿ ಅವರಿದ್ದಲ್ಲಿ.

ನಾಲ್ಕನೆಯ ಸಾಲು ಹುನಗುಂದದ ಎಂದು ಶುರುವಾಗಿ, ಮುಂದೆ ನನ್ನ ಹೆಸರು ಬಂದು, ಬರ್ಕೊಳ್ರಿ ನಿಮ್ಮಲ್ಲಿ ಎಂದು ಮುಗಿಯುತ್ತದೆ. ಅದನ್ನು ನಾನು ಇಲ್ಲಿ ಪೂರ್ತಿ ಬರೆಯುವುದಿಲ್ಲ. ಅದು ಅವಳದು.

ಹೆಂಡತಿ ಕಿಟಕಿಯ ಹತ್ತಿರ ಕಾಫಿ ಕುಡಿಯುತ್ತಿದ್ದಳು, ತಂಗಿ ತಿಂಡಿಯ ಮೇಜಿನ ಕಡೆ ಹೋಗಿದ್ದಳು. ನಾನು ಎದುರಿನ ಕುರ್ಚಿಯಲ್ಲಿ ಕೂತೆ. ಕುರ್ಚಿ ಮೆತ್ತಗಿತ್ತು, ಬೆಟ್ಟ ಕಾಣುತ್ತಿತ್ತು, ಕಾಫಿ ಬಂತು, ಯಾವುದೂ ನನಗೆ ಬೇಕಿರಲಿಲ್ಲ.

“ಊರ ಮಂದಿ ಮುಂದ ಹೇಳಿದಿ. ನನ್ನ ಮುಂದ ಯಾಕ ಹೇಳಲಿಲ್ಲ?” ಅಂದೆ.

ಅವಳು ಕಾಫಿಯ ಕಪ್ಪು ಕೆಳಗಿಟ್ಟಳು. “ಮಧ್ಯಾಹ್ನ ನನ್ನ ಹೆಸರಿನ ಬಾಜೂಕ ತಂಗಿ ಗಂಡನ ಹೆಸರು ಬರಕೊಂಡ್ರು. ಜೀವಕ್ಕ ಸಮಾಧಾನ ಆಗಲಿಲ್ಲ. ಸಂಜಿತನಾ ಕುಂತು ಒಡಪು ಕಟ್ಟಿದ್ದೆ. ನಿಮ್ಮ ಮುಂದ ಹೇಳಬೇಕಂತನ ಬರ್ರಿ ಬರ್ರಿ ಅಂತ ಕರದೆ.”

ಈಗ ಹೇಳು ಅಂದೆ. ಒಡಪು ಕೇಳಿದವರಿಗೆ ಹೇಳುವುದು, ಗಂಡನಿಗೆ ಯಾರಾದರೂ ಹೇಳುತ್ತಾರೇನು ಎಂದು ನಕ್ಕುಬಿಟ್ಟಳು. ಬನಶಂಕರಿಯಲ್ಲಿ ರೊಟ್ಟಿ ಉಣ್ಣುವಾಗ ಕೇಳಿದೆ, ಕಾರಿನಲ್ಲಿ ಕೇಳಿದೆ, ಹುನಗುಂದ ಮುಟ್ಟುವ ತನಕ ಕೇಳಿದೆ. ಕೊನೆಗೆ ಕರದಂಟಿನ ತುಂಡೊಂದನ್ನು ನನ್ನ ಬಾಯಿಗೆ ತುರುಕಿದಳು.

ಹಾಗಾಗಿ ಈಗ ಅಂಗಡಿಗೆ ಬಂದು ಲಾಂಜಿನ ವಿಷಯ ಕೇಳಿದವರಿಗೆ, ರೊಕ್ಕ ಇದ್ದರೆ ತಗೊಳ್ಳಿ, ಬಿಟ್ಟಿ ಸಿಕ್ಕರಂತೂ ಬಿಡಬೇಡಿ, ಯಾರು ಜಾಗ ಬಿಟ್ಟುಕೊಟ್ಟರೂ ಹೋಗಿ ಕೂತುಬಿಡಿ ಅನ್ನುತ್ತೇನೆ. ನನ್ನ ಹೊಟ್ಟೆಕಿಚ್ಚು ಮಾತ್ರ ಇಳಿದಿಲ್ಲ. ಮೇಜಿನ ಹಿಂದಿದ್ದ ಆ ಹೆಣ್ಣುಮಗಳ ಮೇಲೆ ಇದೆ, ಒಂದಕ್ಷರ ತಿಳಿಯದೆ ಚಪ್ಪಾಳೆ ತಟ್ಟಿದ ಆ ಬಿಳಿಯರ ಮೇಲೆ ಇದೆ. ಎಲ್ಲರಿಗಿಂತ ಹೆಚ್ಚು ಷಡ್ಡಕನ ಮೇಲೆ ಇದೆ. ಅವನು ತನ್ನ ಹೆಸರನ್ನು ದಿನಾ ಮನೆಯಲ್ಲಿ ಕೇಳುವವನು, ನನ್ನದನ್ನೂ ಅವನೇ ಕೇಳಿದ.

ಮೊನ್ನೆ ಇಳಕಲ್ಲಿಗೆ ಹೋದಾಗ ಅವನು ಮತ್ತೆ ಆ ಒಡಪು ಹೇಳಿ ನಕ್ಕ. ನಾನೂ ನಕ್ಕೆ. ಆಮೇಲೆ ಹೆಂಗಸರು ಒಳಗೆ ಹೋದ ಮೇಲೆ, ಮಾನ ಬಿಟ್ಟು ಅವನನ್ನೇ ಕೇಳಿದೆ. ಹೇಗೆ ಹೇಳಿದಳು, ಗಟ್ಟಿಯಾಗಿ ಹೇಳಿದಳೋ ಮೆಲ್ಲಗೆ ಹೇಳಿದಳೋ, ಹೆಸರು ಬಂದಾಗ ಸ್ವಲ್ಪ ತಡೆದಳೋ.

ಅವನು ಫೋನು ಕೆಳಗಿಟ್ಟು ನೆನಪು ಮಾಡಿಕೊಂಡ.

“ತಡದ್ರು ಅಣ್ಣಾರ. ಕಿಟಕ್ಯಾಗಿಂದ ಕೆಳಗ ಬೇವಿನ ಗಿಡದ ಕಟ್ಟಿ ಕಡೆ ನೋಡಿದ್ರು, ಆಮ್ಯಾಲೆ ಹೇಳಿದ್ರು.”

ಆಗ ಆ ಕಟ್ಟೆಯ ಮೇಲೆ ಯಾರೂ ಇರಲಿಲ್ಲ.