ನೆಲದ ಮೇಲಿದ್ದವರ ಮೂರು ಪುಟ

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಪುಣೆಯ ನಾರಾಯಣ ಪೇಟೆಯಲ್ಲಿ ಒಂದು ಹಳೆಯ ವಾಡೆಯ ಕೆಳಮನೆಯಲ್ಲಿ ನನ್ನ ಪ್ರೆಸ್ಸು. ಗದಗಿನ ಕಡೆಯಿಂದ ಬರಿಗೈಲಿ ಬಂದು, ಇನ್ನೊಬ್ಬರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ, ಆಮೇಲೆ ಸ್ವಂತಕ್ಕೊಂದು ಕಾಲಲ್ಲಿ ತುಳಿಯುವ ಟ್ರೆಡಲ್ ಮಷೀನು ಕೊಂಡು, ಅದನ್ನೂ ಮಾರಿ ಆಫ್‌ಸೆಟ್ ಮಷೀನು ತಂದವನು ನಾನು. ಲಗ್ನಪತ್ರಿಕೆ, ಬಿಲ್‌ಬುಕ್ಕು, ಗಣಪತಿ ಮಂಡಳಿಯ ಪಾವತಿ ಪುಸ್ತಕ ಇವೇ ನಮ್ಮ ಅನ್ನ. ಪ್ರೂಫ್ ನೋಡುವವಳು ನನ್ನ ಹೆಂಡತಿ. ಅವಳು ಕನ್ನಡ, ಮರಾಠಿ, ಇಂಗ್ಲಿಷು ಮೂರನ್ನೂ ನನಗಿಂತ ಚೆನ್ನಾಗಿ ಓದುತ್ತಾಳೆ. ಪ್ರೆಸ್ಸು ಇಡಬೇಕೆನ್ನುವವರಿಗೆ ನಾನು ಹೇಳುವ ಮೊದಲ ಬುದ್ಧಿಮಾತೇ ಇದು: ಮಷೀನು ಹಳೆಯದಾದರೂ ನಡೆಯುತ್ತದೆ, ಪ್ರೂಫ್ ನೋಡುವವರು ಮಾತ್ರ ಮನೆಯವರೇ ಇರಬೇಕು.

ಒಂದು ಮಧ್ಯಾಹ್ನ ಅರವತ್ತರ ಹತ್ತಿರದ ಒಬ್ಬ ಮನುಷ್ಯ ಬಂದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೈಲು. ಸಣ್ಣ ಪುಸ್ತಕ ಮಾಡಿಸಬೇಕು, ದರ ಎಷ್ಟೆಂದು ಹಿಂದಿಯಲ್ಲಿ ಕೇಳಿದರು. ನಾನು ಗಿರಾಕಿಯ ಮುಖ ನೋಡುವುದಿಲ್ಲ, ಬೂಟು ನೋಡುತ್ತೇನೆ. ಹಳೆಯ ಬೂಟು, ಆದರೆ ಕನ್ನಡಿಯಂಥ ಪಾಲಿಶ್. ಇಂಥವರು ದುಡ್ಡು ಮುಳುಗಿಸುವುದಿಲ್ಲ, ಚೌಕಾಶಿಗೆ ನಿಂತರೆ ಮಾತ್ರ ಬಿಡುವುದಿಲ್ಲ. ಹೆಂಡತಿಗೆ ಕನ್ನಡದಲ್ಲಿ ಹೇಳಿದೆ: "ಮಿಲ್ಟ್ರಿ ಮನಶ್ಯಾ ಅದಾನ. ದರ ಸ್ವಲ್ಪ ಏರಿಸೇ ಹೇಳ್ತೀನಿ, ನೀ ನಡುವ ಬಾಯಿ ಹಾಕಬ್ಯಾಡ."

ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ಏರಿಸ್ರಿ ಸಾವಕಾರ್ರ. ಆದ್ರ ಇಳಿಸಾಕ ನನಗೂ ಒಂದೀಟು ಜಾಗಾ ಬಿಡ್ರಿ."

ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನು ಕುರ್ಚಿ ಸರಿಸಿ ಕೂಡ್ರಿಸಿದೆ. "ಕನ್ನಡದವರು ಅಂತ ಮೊದಲ ಹೇಳಬಾರದೇನ್ರಿ ಸುಬೇದಾರ್ರ?"

"ಹೇಳಿದ್ರ ನೀವು ಏರಿಸೂದು ನನಗ ಹೆಂಗ ಗೊತ್ತಾಗ್ತಿತ್ತು? ಮತ್ತ, ಸುಬೇದಾರ್ರು ಭೂಸೇನಾದಾಗ ಇರ್ತಾರ. ನಾ ನೌಕಾಪಡಿಯಾಂವ. ನಮ್ಮಲ್ಲಿ ಚೀಫ್ ಅಂತಾರ. ಬಾಯಿ ಮುಚ್ಚಿಕೊಂಡು ಮಂದೀದು ಕೇಳೂದು, ಅದ ನಮ್ಮ ನೌಕರಿ ಆಗಿತ್ರಿ."

ಆವತ್ತಿನಿಂದ ನಮಗೆ ಅವರು ಚೀಫ್ ಸಾಹೇಬರು. ವಿಜಾಪುರದ ಕಡೆಯವರು, ನಿವೃತ್ತಿಯಾದ ಮೇಲೆ ಪುಣೆಯಲ್ಲೇ ಮನೆ ಮಾಡಿದ್ದರು. ಅವರು ಸೇವೆ ಮಾಡಿದ್ದು ನೌಕಾಪಡೆಯ ಒಂದು ವಿಮಾನ ಸ್ಕ್ವಾಡ್ರನ್ನಿನಲ್ಲಿ. ಅದರ ಕೆಲಸಕ್ಕೆ ಎಲೆಕ್ಟ್ರಾನಿಕ್ ಯುದ್ಧ ಎಂದು ಹೆಸರು. ಯುದ್ಧ ಎಂದರೆ ಗುಂಡು, ಬಾಂಬು ಎಂದುಕೊಂಡಿದ್ದ ನನಗೆ ಅವರು ಒಂದೇ ಮಾತಿನಲ್ಲಿ ತಿಳಿಸಿದರು: "ಕತ್ತಲಾಗ ಯಾರರ ಬ್ಯಾಟರಿ ಬಿಟ್ಟು ನಿಮ್ಮನ್ನ ಹುಡಕ್ಯಾಡಿದ್ರ, ನೀವು ಅವರಿಗೆ ಕಾಣೂಕಿಂತ ಮೊದಲ ಅವರ ಬ್ಯಾಟರಿ ನಿಮಗ ಕಾಣ್ತದಲ್ರಿ? ರಾಡಾರೂ ಹಂಗ. ನಮ್ಮ ವಿಮಾನ ತನ್ನ ಬ್ಯಾಟರಿ ಆರಿಸಿ, ದೂರ ನಿಂತು, ಯಾರ ಬ್ಯಾಟರಿ ಎಲ್ಲಿ ಹತ್ತೇದ ಅಂತ ಬರಕೊಂಡು ಬರ್ತಿತ್ತು."

ನನಗೆ ಚಟ್ಟನೆ ಹೊಳೆಯಿತು. ಇದು ಮಂಡಿಯ ವ್ಯವಹಾರವೇ. ಮೊದಲು ದರ ಹೇಳಿದವನು ಎಲ್ಲಿ ನಿಂತಿದ್ದಾನೆ ಎಂಬುದು ಎದುರಿನವನಿಗೆ ತಿಳಿದುಹೋಗುತ್ತದೆ. ಸುಮ್ಮನಿದ್ದವನು ಗೆಲ್ಲುತ್ತಾನೆ.

ಫೈಲಿನಲ್ಲಿದ್ದದ್ದು ಆ ಸ್ಕ್ವಾಡ್ರನ್ನಿನ ಇತಿಹಾಸ. ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು. ಹಳಬರೆಲ್ಲ ಪುಣೆಯಲ್ಲಿ ಸೇರುವ ಒಂದು ಸಮಾರಂಭ ಇತ್ತು, ಅದರಲ್ಲಿ ಹಂಚಲು ಪುಸ್ತಕ ಬೇಕಿತ್ತು. ಇಬ್ಬರು ಮೂವರು ನಿವೃತ್ತ ಅಧಿಕಾರಿಗಳ ಸಮಿತಿ, ಬರೆದು ಓಡಾಡುವ ಕೆಲಸ ಚೀಫ್ ಸಾಹೇಬರದು. ಹಡಗಿನ ಮೇಲಿಂದಲೇ ಏರುತ್ತಿದ್ದ, ರೆಕ್ಕೆ ಮಡಚಿಡುವ, ಮೂತಿಗೆ ಪಂಖವಿರುವ ವಿಮಾನದಿಂದ ಕತೆ ಶುರು. ಸಮುದ್ರದ ಹವೆಗೆ ರಾಡಾರು ಹಿಡಿಯುವ ಯಂತ್ರದ ಪೆಟ್ಟಿಗೆಗಳೊಳಗೆ ಹಸಿ ಕೂರಬಾರದೆಂದು ಕಪಾಟಿನಲ್ಲಿ ದೀಪ ಹಚ್ಚಿ ಅವನ್ನು ಕಾಯಿಸಿ ಇಡುತ್ತಿದ್ದದ್ದು, ತೊಂಬತ್ತರ ಶುರುವಿನಲ್ಲಿ ಆ ವಿಮಾನಗಳು ನಿವೃತ್ತಿಯಾದದ್ದು, ಆಮೇಲೆ ಎರಡು ಎಂಜಿನ್ನಿನ ಸಣ್ಣ ವಿಮಾನ ಬಂದು ಟ್ರಂಕಿನಂಥ ಪೆಟ್ಟಿಗೆಗಳು ಟಿಫಿನ್ ಡಬ್ಬಿಯಷ್ಟಾದದ್ದು, ಎಲ್ಲ ಇತ್ತು. ಒಂದು ಮಾತ್ರ ಇರಲಿಲ್ಲ. ಅಷ್ಟು ವರ್ಷ ಏನು ಕೇಳಿಸಿಕೊಂಡರು ಎಂಬುದರ ಒಂದು ಸಾಲೂ ಇಲ್ಲ.

"ಗುಡಿ ಕಟ್ಟಿ ದೇವರನ್ನ ಬಿಟ್ಟಂಗಾತಲ್ರಿ ಚೀಫ್ ಸಾಹೇಬ್ರ?" ಎಂದೆ.

"ದೇವರು ಒಳಗ ಅದಾನ್ರಿ. ಬಾಗಲಾ ಹಾಕೇದ ಅಷ್ಟ."

ಕೊನೆಯ ನಾಲ್ಕು ಹಾಳೆಗಳನ್ನು ಅವರು ಬೇರೆಯಾಗಿ ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಅದು ಹೆಸರುಗಳ ಪಟ್ಟಿ. ವಿಮಾನದಲ್ಲಿ ಹಾರಿದವರದಲ್ಲ; ನೆಲದ ಮೇಲೆ ಉಳಿದು ಪೆಟ್ಟಿಗೆ ಬಿಚ್ಚಿ, ತಂತಿ ಬೆಸೆದು, ಸಹಿ ಹಾಕಿ ವಿಮಾನ ಕಳಿಸಿದ ಮೆಕ್ಯಾನಿಕ್‌ಗಳದು. "ತಂಗೀ, ಇದರಾಗ ಒಂದು ಅಕ್ಷರ ತಪ್ಪಬಾರದವಾ. ಹಾರಿದವರ ಹೆಸರು ಲಾಗ್‌ಬುಕ್ಕಿನಾಗ ಅದಾವ. ನಮ್ಮವು ಎಲ್ಲೂ ಇಲ್ಲ. ಕೆಲಸ ಗುಟ್ಟಿಂದು, ಮನಿಯಾಗ ಹೆಂಡ್ತಿಗೂ ಹೇಳಿಲ್ಲ. ಎರಡು ವರ್ಷ ಕಾರ್ಡ್ ಬರದು ಬರದು ಇವನ್ನ ಕೂಡಿಸೇನಿ. ಪುಸ್ತಕದಾಗ ನಿಮ್ಮ ಹೆಸರು ಬರ್ತದ ಅಂತ ಒಬ್ಬೊಬ್ಬರಿಗೂ ಮಾತು ಕೊಟ್ಟೇನಿ."

ಇಲ್ಲಿ ನನ್ನ ಕಸುಬಿನ ಒಂದು ಸಂಗತಿ ಹೇಳಲೇಬೇಕು. ಪುಸ್ತಕ ಒಂದೊಂದೇ ಪುಟವಾಗಿ ಅಚ್ಚಾಗುವುದಿಲ್ಲ. ದೊಡ್ಡ ಹಾಳೆಯ ಮೇಲೆ ಹದಿನಾರು ಪುಟ ಒಟ್ಟಿಗೆ ಅಚ್ಚಾಗಿ, ಆಮೇಲೆ ಮಡಿಕೆಯಾಗುತ್ತದೆ. ಅದಕ್ಕೆ ಫಾರ್ಮು ಅನ್ನುತ್ತೇವೆ. ಎಂಬತ್ತು ಪುಟವೆಂದರೆ ಐದು ಫಾರ್ಮು. ಎಂಬತ್ತನಾಲ್ಕಾಯಿತೋ, ಆ ನಾಲ್ಕು ಪುಟಕ್ಕೂ ಒಂದು ಇಡೀ ಫಾರ್ಮಿನ ಖರ್ಚು. ಪುಸ್ತಕ ಮಾಡಿಸುವವರು ಬರೆಯುವ ಮೊದಲೇ ಹದಿನಾರರ ಮಗ್ಗಿ ಕಲಿಯುವುದು ಒಳ್ಳೆಯದು.

ಪುಟ ಜೋಡಿಸಿ ನೋಡಿದರೆ ಎಂಬತ್ತನಾಲ್ಕೇ ಆಯಿತು. ಪಿಂಚಣಿದಾರರು ಕೈ ಬಿಚ್ಚಿ ಕೂಡಿಸಿದ ಹಣ ಎಂಬತ್ತಕ್ಕೆ ಮಾತ್ರ ಇತ್ತು. ಆರನೆಯ ಫಾರ್ಮಿನಲ್ಲಿ ಉಳಿಯುವ ಹನ್ನೆರಡು ಪುಟಗಳಿಗೆ ಜಾಹೀರಾತು ತರುತ್ತೇನೆ ಎಂದೆ, ಸಮಿತಿ ಒಪ್ಪಲಿಲ್ಲ. ಆಗ ನಾನು ನನ್ನ ಶಾಣ್ಯಾತನ ತೋರಿಸಿದೆ. ಮೂವತ್ತು ವರ್ಷದಲ್ಲಿ ಎಷ್ಟು ಪುಸ್ತಕದ ಬಾಲ ಕತ್ತರಿಸಿದ್ದೆನೋ, ಅದೇ ರೂಢಿ. "ಕಡೀ ನಾಕು ಪಾನು ತಗದು ಒಗೀರಿ, ಫಾರ್ಮು ಸರಿ ಕೂಡ್ತದ. ಹೆಸರಿನ ಪಟ್ಟಿ ಯಾರು ಓದ್ತಾರ್ರಿ?"

ಚೀಫ್ ಸಾಹೇಬರು ವಾದ ಮಾಡಲಿಲ್ಲ. ಸಮಿತಿಯನ್ನು ಕೇಳಿ ಬರುತ್ತೇನೆ ಎಂದು ಹೋದರು. ಮರುದಿನ ಬಂದು, "ತಗೀರಿ ಅಂದ್ರು. ಆರ್ಡರ್ ಅಂದ್ರ ಆರ್ಡರ್," ಎಂದು ನಾಲ್ಕು ಹಾಳೆಗಳನ್ನು ಎಂಟು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು. ಹೆಂಡತಿ ಚಹಾ ಇಟ್ಟಳು, ಅವರು ಕುಡಿಯಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದರು: "ಸಾವಕಾರ್ರ, ಆ ಮಂದಿಗೆ ಈಗ ಕಾರ್ಡಿನಾಗ ಏನಂತ ಬರೀಲಿ?" ನಾನು ಬಿಲ್‌ಬುಕ್ಕು ತೆರೆದು ಅದರೊಳಗೆ ತಲೆ ಹಾಕಿದೆ.

ಅವರು ಹೋದ ಮೇಲೆ ಹೆಂಡತಿ ಶುರುಮಾಡಿದಳು. "ನಿಮ್ಮ ಫಾರ್ಮಿಗೆ ಬೆಂಕಿ ಹಚ್ಚ್ರಿ. ಲಗ್ನಪತ್ರಿಕಿಯಾಗ ಹುಡುಗನ ಸೋದರಮಾವನ ಅಳಿಯನ ಹೆಸರು ಹಿಡಸಾಕ ನಿಮಗ ಜಾಗಾ ಸಿಗ್ತದ. ಇಲ್ಲಿ ಸಿಗೂದಿಲ್ಲ?"

ಆ ಮಾತು ನಾಟಿತು. ಎರಡನೆಯದರಿಂದ ಐದನೆಯ ಫಾರ್ಮಿನ ತನಕ ಆಗಲೇ ಅಚ್ಚಾಗಿ ಒಣಗುತ್ತಿದ್ದವು. ಮೊದಲನೆಯದು ಉಳಿದಿತ್ತು. ಅದು ಯಾವಾಗಲೂ ಕೊನೆಗೇ ಅಚ್ಚಾಗುವುದು, ಯಾಕೆಂದರೆ ಮುನ್ನುಡಿ, ಶುಭಸಂದೇಶ ಬರೆಯುವ ದೊಡ್ಡವರು ಎಂದೂ ವೇಳೆಗೆ ಬರೆದುಕೊಡುವುದಿಲ್ಲ. ಆ ಫಾರ್ಮು ತೆಗೆದು ನೋಡಿದೆ. ನಾಲ್ವರು ಹಿರಿಯ ಅಧಿಕಾರಿಗಳ ನಾಲ್ಕು ಶುಭಸಂದೇಶ, ಒಬ್ಬೊಬ್ಬರಿಗೆ ಫೋಟೋ ಸಮೇತ ಒಂದೊಂದು ಪುಟ. ಮಾತುಗಳಂತೂ ಮೂರೋ ನಾಲ್ಕೋ ಸಾಲು, ಉಳಿದದ್ದು ಬಿಳಿ ಜಾಗ.

ಮರುದಿನ ಸ್ಕೂಟರ್ ಹತ್ತಿ ವಾನವಡಿಗೆ ಹೋದೆ. ಸಮಿತಿಯ ಮುಖ್ಯಸ್ಥರ ಮನೆ ಅಲ್ಲಿ. ಮರಾಠಿ ಮನುಷ್ಯ, ಒಂದು ಕಾಲಕ್ಕೆ ಆ ಸ್ಕ್ವಾಡ್ರನ್ನಿನ ಕಮಾಂಡರು. ನಾಲ್ಕು ಸಂದೇಶಗಳಲ್ಲಿ ಒಂದು ಅವರದೇ. ಬೇಕಾದದ್ದನ್ನು ಮೊದಲೇ ಕೇಳಬಾರದು, ಇದು ನೆನಪಿರಲಿ. ನಾನು ಅವರ ಸಂದೇಶದ ಪ್ರೂಫನ್ನು ಮುಂದಿಟ್ಟೆ, ಸಹಿ ಹಾಕಿದರು. ಏಳುವಾಗ ಹೆಸರಿನ ಪಟ್ಟಿಯ ಪ್ರೂಫ್ ತೆಗೆದು ಹೇಳಿದೆ: "ಸಾಹೇಬರೇ, ಇದನ್ನು ರದ್ದಿಗೆ ಹಾಕುತ್ತಿದ್ದೇನೆ. ಒಮ್ಮೆ ಕಣ್ಣು ಹಾಯಿಸಿಬಿಡಿ."

ಅವರು ಕನ್ನಡಕ ಹಾಕಿಕೊಂಡು ನಿಂತೇ ಓದಿದರು. ಎರಡನೆಯ ಹಾಳೆಗೆ ಕುಳಿತರು. ಬೆರಳು ಒಂದು ಹೆಸರಿನ ಮೇಲೆ ನಿಂತಿತು.

"ಇವನಿಗೆ ನಾನು ಎಲ್ಲರ ಎದುರು ಬೈದಿದ್ದೆ," ಎಂದರು ಮರಾಠಿಯಲ್ಲಿ. "ವಿಮಾನ ಹೊರಟು ನಿಂತಿದೆ, ಇವನು ಸಹಿ ಹಾಕುವುದಿಲ್ಲ ಅಂತಾನೆ. ಪೆಟ್ಟಿಗೆಯ ಗುಂಯ್ ಅನ್ನುವ ಸದ್ದು ಸರಿ ಇಲ್ಲವಂತೆ. ನನಗೇನೂ ಕೇಳಲಿಲ್ಲ. ಬೈದೆ. ಅವನು, 'ಹಾರಿ ಸಾಹೇಬ್, ಆದರೆ ಕಿವುಡ ವಿಮಾನ ತಗೊಂಡು ಹೋಗ್ತೀರಿ' ಅಂದ. ಬಿಚ್ಚಿಸಿದೆ. ಒಳಗೆ ಒಂದು ಬೆಸುಗೆ ಉಪ್ಪು ತಿಂದು ಹಸಿರಾಗಿತ್ತು."

"ಆಮೇಲೆ ಏನಂದಿರಿ ಅವನಿಗೆ?"

"ಏನೂ ಅನ್ನಲಿಲ್ಲ. ಬೇಗ ಬೆಸೆಯಪ್ಪ ಅಂದೆ."

ಆಮೇಲೆ ಅವರು ಆಗ ತಾನೇ ಸಹಿ ಹಾಕಿದ್ದ ತಮ್ಮ ಸಂದೇಶದ ಮೇಲೆ ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆದರು. "ತಗೊಳ್ಳಿ, ಒಂದು ಪುಟ."

ಎದುರಿನವನು ತಾನಾಗಿ ಇಳಿದಾಗ ಧನ್ಯವಾದ ಹೇಳಿ ಎದ್ದು ಬರುವವನು ವ್ಯಾಪಾರಿಯಲ್ಲ. "ಒಂದು ಪುಟದಲ್ಲಿ ಕಾಲು ಭಾಗ ಜನ ಹಿಡಿಯುತ್ತಾರೆ ಸಾಹೇಬರೇ. ಉಳಿದವರು ಜಗಲಿ ಮೇಲೆ ಕೂಡಬೇಕಾ?" ಎಂದೆ. ಅವರು ನಕ್ಕು ಫೋನು ಎತ್ತಿಕೊಂಡರು. ಅರ್ಧ ಗಂಟೆಯಲ್ಲಿ ಉಳಿದ ಮೂವರೂ ಒಂದೇ ಪುಟಕ್ಕೆ ಬಂದರು, ಫೋಟೋ ಇಲ್ಲದೆ. ಒಬ್ಬರಿಗೆ ಸಿಟ್ಟು ಬಂದಿತಂತೆ, ಅದನ್ನು ನಾನು ನೋಡಿಕೊಳ್ಳುತ್ತೇನೆ ಅಂದರು ಕಮಾಂಡರು.

ಹೀಗೆ ಮೂರು ಪುಟ ಬಿಡುವಾದವು. ಆದರೆ ಅವು ಪುಸ್ತಕದ ಮುಂಭಾಗದಲ್ಲಿ. ಹಿಂದಿನ ಫಾರ್ಮುಗಳು ಅಚ್ಚಾಗಿಹೋಗಿದ್ದವು, ಹೆಸರುಗಳು ಬರುವುದಾದರೆ ಇತಿಹಾಸಕ್ಕೂ ಮುಂಚೆ, ಕಮಾಂಡರುಗಳ ಫೋಟೋಗಳಿಗೂ ಮುಂಚೆ ಬರಬೇಕು. ಚೀಫ್ ಸಾಹೇಬರನ್ನು ಕರೆಸಿ ಹೇಳಿದರೆ ಅವರು ಖುಷಿಯಾಗುವ ಬದಲು ಬೆವತರು.

"ಅಧಿಕಾರಿಗಳಕಿಂತ ಮುಂದ ನಾವು? ಹಂಗ ನಡಿಯೂದಿಲ್ರಿ. ಶಿಸ್ತು ಅಂತ ಒಂದು ಅದ."

"ನಿಮ್ಮ ಶಿಸ್ತು ನನ್ನ ಮಷೀನಿಗೆ ಗೊತ್ತಿಲ್ರಿ. ಜಾಗಾ ಇರೂದು ಅಲ್ಲೇ. ಬೇಕಂದ್ರ ಹೌದನ್ರಿ, ಇಲ್ಲಂದ್ರ ಮೂರು ಪಾನು ಖಾಲಿ ಬಿಡ್ತೀನಿ."

"ಕಮಾಂಡರ್ ಸಾಹೇಬ್ರು ಒಪ್ಯಾರ?"

"ತಮ್ಮ ಪಾನು ಹರದು ಕೊಟ್ಟಾರ."

ಅದನ್ನು ಅವರು ಎರಡು ಸಲ ಹೇಳಿಸಿಕೊಂಡರು. ಇನ್ನೊಂದು ತೊಡಕಿತ್ತು. ಪಟ್ಟಿ ನಾಲ್ಕು ಪುಟದ್ದು, ಸಿಕ್ಕದ್ದು ಮೂರು. ಅಕ್ಷರ ಸಣ್ಣದು ಮಾಡೋಣ ಎಂದೆ. ಓದುವವರೆಲ್ಲ ಮುದುಕರು, ಬೇಡ ಎಂದರು. ಹೆಂಡತಿಯೇ ದಾರಿ ತೋರಿಸಿದಳು: ಪ್ರತಿ ಹೆಸರಿನ ಹಿಂದೆ ಅರ್ಧ ಸಾಲಿನಷ್ಟು ಉದ್ದದ ಹುದ್ದೆ ಇದೆ, ಅದನ್ನು ತೆಗೆದರೆ ಎರಡು ಕಾಲಂ ಕೂಡುತ್ತದೆ. ಚೀಫ್ ಸಾಹೇಬರು ಬಹಳ ಹೊತ್ತು ಯೋಚಿಸಿದರು. ಆ ಹುದ್ದೆಗಳಿಗಾಗಿ ಒಬ್ಬೊಬ್ಬರು ಎಷ್ಟು ಪರೀಕ್ಷೆ ಬರೆದಿದ್ದರೋ. ಕೊನೆಗೆ ಪೆನ್ನು ತೆಗೆದುಕೊಂಡು ಮೊದಲು ತಮ್ಮ ಹೆಸರಿನ ಹಿಂದಿನ 'ಚೀಫ್' ಹೊಡೆದುಹಾಕಿದರು. ಆಮೇಲೆ ಉಳಿದವರದು.

ಸಮಾರಂಭದ ದಿನ ಪುಸ್ತಕದ ಕಟ್ಟುಗಳನ್ನು ನಾನೇ ಟೆಂಪೋದಲ್ಲಿ ಒಯ್ದೆ. ಊಟದ ಸಾಲಿನಲ್ಲಿ ಒಬ್ಬ ಹೆಂಗಸು ಪುಸ್ತಕ ತೆರೆದು ಹಿಡಿದು ಗಂಡನನ್ನು ಕೇಳುತ್ತಿದ್ದಳು, "ಇದು ನೀವಾ?" ಆತ ಬಗ್ಗಿ ನೋಡಿ, ಬೇರೆಯವರ ಹೆಸರು ಓದುವವರ ಹಾಗೆ ಓದಿ, "ಹೌದು, ನಾನೇ," ಎಂದ. "ಏನು ಮಾಡ್ತಿದ್ರಿ ಅಲ್ಲಿ?" ಎಂದಳು. ಆತ ಪುರಿ ಹಾಕಿಸಿಕೊಳ್ಳಲು ತಟ್ಟೆ ಮುಂದೆ ಚಾಚಿದ.

ಮೂರು ತಿಂಗಳ ಮೇಲೆ ಚೀಫ್ ಸಾಹೇಬರು ಒಂದು ಪತ್ರ ಹಿಡಿದು ಬಂದರು. ಬಳ್ಳಾರಿಯ ಕಡೆಯಿಂದ ಒಬ್ಬ ಹೆಣ್ಣುಮಗಳು ಬರೆದದ್ದು. ಊರಲ್ಲಿ ಯಾರದೋ ಮನೆಯಲ್ಲಿ ಪುಸ್ತಕ ಕಂಡಳಂತೆ. ತನ್ನ ಗಂಡನೂ ಅಲ್ಲಿದ್ದ, ತೀರಿಹೋಗಿ ವರ್ಷಗಳಾದವು, ಹೆಸರಿಲ್ಲ, ಮರೆತಿರಾ ಎಂದು ಕೇಳಿದ್ದಳು. ಮರೆತದ್ದಲ್ಲ, ಅವರ ಹಳೆಯ ವಿಳಾಸಕ್ಕೆ ಕಳಿಸಿದ ಕಾರ್ಡು ತಿರುಗಿ ಬಂದಿತ್ತು.

"ಈಗೇನ್ ಮಾಡೂದ್ರಿ ಸಾವಕಾರ್ರ?"

ಈ ಸಲ ನಾನು ಹದಿನಾರರ ಮಗ್ಗಿ ತೆಗೆಯಲಿಲ್ಲ. ಲಗ್ನಪತ್ರಿಕೆಯ ಹಾಳೆ ಕತ್ತರಿಸಿ ಉಳಿದ ಚೂರುಗಳ ಮೇಲೆ ಆ ಒಂದು ಹೆಸರನ್ನು ಅಚ್ಚು ಹಾಕಿದೆವು, ಅದೇ ಅಕ್ಷರ, ಅದೇ ಅಳತೆ. ಪುಸ್ತಕ ಒಯ್ದವರಿಗೆಲ್ಲ ಒಂದೊಂದು ಚೀಟಿ ಅಂಚೆಯಲ್ಲಿ ಹೋಯಿತು, ಹೆಸರಿನ ಪಟ್ಟಿಯ ಮೂರನೆಯ ಪುಟದ ಕೆಳಗೆ ಅಂಟಿಸಿಕೊಳ್ಳಿ ಎಂಬ ವಿನಂತಿಯೊಂದಿಗೆ. ಎಷ್ಟು ಜನ ಅಂಟಿಸಿಕೊಂಡರೋ ಗೊತ್ತಿಲ್ಲ. ಪ್ರೆಸ್ಸಿನಲ್ಲಿ ಉಳಿದಿದ್ದ ಪ್ರತಿಗಳಿಗೆ ಚೀಫ್ ಸಾಹೇಬರೇ ಕೂತು ಅಂಟಿಸಿದರು. ಗೋಂದು ಅತ್ತಿತ್ತ ಹರಡದಂತೆ ಚೀಟಿಯ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಬೆರಳಿಂದ ಒತ್ತಿದರು. ಮೊದಲ ಪ್ರತಿಯನ್ನು ಒಣಗಲು ಬಿಟ್ಟು, ಬಳ್ಳಾರಿಯ ವಿಳಾಸ ಬರೆಯಲು ನನ್ನ ಹೆಂಡತಿಯ ಹತ್ತಿರ ಪೆನ್ನು ಕೇಳಿದರು.